ಇನ್‌ಫ್ಲೇಮಬಲ್ ಎಂದರೂ ಉರಿಯುತ್ತದೆ

ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಸ್ಯಾನಿಟೈಸರ್ ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ‘ಫ್ಲೇಮಬಲ್’ ಎಂದಿರುತ್ತದೆ. ಇವೆರಡರಲ್ಲಿ ಬೆಂಕಿ ಹತ್ತುವುದು ಯಾವುದಕ್ಕೆ ಎಂದು ಹೈಸ್ಕೂಲಿನ ಮಕ್ಕಳನ್ನು ಕೇಳಿ ನೋಡಿ. ಕಲಿತ ವ್ಯಾಕರಣವನ್ನೇ ನಂಬಿದ ಮಗು ಸ್ಯಾನಿಟೈಸರ್‌ಗೆ ಎನ್ನಬೇಕು. ಕರೆಕ್ಟ್–ಇನ್‌ಕರೆಕ್ಟ್, ಕಂಪ್ಲೀಟ್–ಇನ್‌ಕಂಪ್ಲೀಟ್, ವಿಸಿಬಲ್–ಇನ್‌ವಿಸಿಬಲ್ ಎಂದು ವಿರುದ್ಧ ಪದಗಳನ್ನು ಬಾಯಿಪಾಠ ಮಾಡಿಸಿದವರು ನಾವೇ ಅಲ್ಲವೇ? ಆ ಲೆಕ್ಕದಲ್ಲಿ ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತದ ವಸ್ತು ಎಂದಾಗಬೇಕು.

ನಿಜ ಅದಲ್ಲ. ಎರಡು ಪದಗಳ ಅರ್ಥವೂ ಒಂದೇ: ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ಬೆಂಕಿ ಹತ್ತದ್ದಕ್ಕೆ ಇಂಗ್ಲಿಷಿನಲ್ಲಿ ‘ನಾನ್‌ಫ್ಲೇಮಬಲ್’ ಎಂಬ ಬೇರೆ ಪದವಿದೆ.

ಗೊಂದಲದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿಂದ ಇಂಗ್ಲಿಷಿಗೆ ಎರಡು ಬಗೆಯ ‘ಇನ್’ ಬಂದವು. ಒಂದು ಇಲ್ಲ ಎನ್ನುತ್ತದೆ, ಇನ್ನೊಂದು ಒಳಕ್ಕೆ ಎನ್ನುತ್ತದೆ. ‘ಇನ್‌ಫ್ಲೇಮಬಲ್’ ಹುಟ್ಟಿದ್ದು ಎರಡನೆಯದರಿಂದ, ಉರಿ ಹಚ್ಚು ಎಂಬರ್ಥದ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದದಿಂದ. ಗಾಯ ಕೆಂಪಗಾಗಿ ಊದಿಕೊಂಡರೆ ವೈದ್ಯರು ಹೇಳುವ ‘ಇನ್‌ಫ್ಲಮೇಷನ್’ ಕೂಡ ಅದೇ ಕುಟುಂಬದ್ದು. ಅದನ್ನು ನಾವು ಉರಿಯೂತ ಎನ್ನುತ್ತೇವೆ, ಅದರಲ್ಲೂ ಉರಿ ಇದೆ. ಒಂದೇ ಉಪಸರ್ಗ ಎರಡು ಮುಖ ತೋರುವುದು ನಮಗೂ ಹೊಸದಲ್ಲ. ಫಲಕ್ಕೆ ‘ವಿ’ ಸೇರಿದರೆ ವಿಫಲ, ಅಂದರೆ ಫಲವಿಲ್ಲದ್ದು. ಜ್ಞಾನಕ್ಕೆ ಅದೇ ‘ವಿ’ ಸೇರಿದರೆ ವಿಜ್ಞಾನ, ಅಂದರೆ ವಿಶೇಷ ಜ್ಞಾನ. ಚಿಕ್ಕಂದಿನಿಂದ ಕೇಳಿದ ಮಾತಾದ್ದರಿಂದ ನಾವು ಎಡವುವುದಿಲ್ಲ. ಇಂಗ್ಲಿಷನ್ನು ಅರ್ಧಂಬರ್ಧ ಕಲಿತವರಿಗೆ ಆ ರಕ್ಷಣೆ ಇಲ್ಲ.

ಇಂಗ್ಲಿಷ್ ಮನೆಮಾತಾದವರೂ ಇಲ್ಲಿ ಎಡವಬಹುದು ಎಂದು ಅಗ್ನಿಸುರಕ್ಷತೆಯ ಮಂದಿ ಬಹಳ ಹಿಂದೆಯೇ ಮನಗಂಡರು. ಎರಡರಲ್ಲಿ ಹಳೆಯ ಪದ ಇನ್‌ಫ್ಲೇಮಬಲ್. ಫ್ಲೇಮಬಲ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬಂದು ಹೆಚ್ಚು ಬಳಕೆಯಾಗದೆ ಮೂಲೆಯಲ್ಲಿ ಬಿದ್ದಿತ್ತು. 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಅದನ್ನು ಎತ್ತಿಕೊಂಡು, ಎಚ್ಚರಿಕೆಯ ಫಲಕಗಳಲ್ಲಿ ಇದನ್ನೇ ಬರೆಯಿರಿ ಎಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆಯೂ 1950ರ ದಶಕದಲ್ಲಿ ಅದೇ ದಾರಿ ಹಿಡಿಯಿತು. ಇಂದು ರಾಸಾಯನಿಕಗಳ ಲೇಬಲ್‌ಗಳಿಗೆ ವಿಶ್ವಸಂಸ್ಥೆ ರೂಪಿಸಿರುವ ವ್ಯವಸ್ಥೆಯಲ್ಲಿ ಇರುವುದೂ ಫ್ಲೇಮಬಲ್ಲೇ, ಜೊತೆಗೆ ಕೆಂಪು ಅಂಚಿನ ಚೌಕದೊಳಗೆ ಜ್ವಾಲೆಯ ಚಿತ್ರ.

ಹಾಗಾಗಿ ಬಳಕೆಯ ನಿಯಮ ಸರಳ. ವಸ್ತುವಿನ ಬಗ್ಗೆ ಎಚ್ಚರಿಸುವಾಗ ಫ್ಲೇಮಬಲ್ ಎಂದೇ ಬರೆಯಬೇಕು. ಇನ್‌ಫ್ಲೇಮಬಲ್ ತಪ್ಪು ಪದವಲ್ಲ, ನಿಘಂಟಿನಲ್ಲಿದೆ. ಮುಂಗೋಪದ ಸ್ವಭಾವ, ಕಿಡಿ ಬಿದ್ದರೆ ಸಿಡಿಯುವಂಥ ಪರಿಸ್ಥಿತಿ ಎನ್ನುವ ಕಡೆ ಅದು ಸೊಗಸಾಗಿಯೂ ಒಪ್ಪುತ್ತದೆ. ಸಾಹಿತ್ಯದಲ್ಲಿ ಇರಲಿ, ಟ್ಯಾಂಕರಿನ ಮೇಲೆ ಬೇಡ.

ನಮ್ಮಲ್ಲಿ ಇನ್‌ಫ್ಲೇಮಬಲ್ ಇಷ್ಟು ಗಟ್ಟಿಯಾಗಿ ಉಳಿಯಲು ಕಾನೂನಿನ ಭಾಷೆಯ ಪಾತ್ರವೂ ಇದೆ. 1952ರಲ್ಲಿ ಸಂಸತ್ತು ಒಪ್ಪಿದ ಒಂದು ಕಾಯ್ದೆಯ ಹೆಸರೇ ‘ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆಕ್ಟ್’. ಸರ್ಕಾರಿ ಕಾಗದದಲ್ಲಿ ಕೂತ ಪದ ಅಲ್ಲಿಂದ ಫಲಕಕ್ಕೆ, ಫಲಕದಿಂದ ಪೇಂಟರಿನ ಕುಂಚಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಒಂದು ಪದದ ಹಿಂದೆ ಇಷ್ಟೊಂದು ಬೀಳಬೇಕೇ ಎನ್ನುವವರಿಗೆ ಬೆಂಜಮಿನ್ ಲೀ ವೋರ್ಫ್ ಅವರ ಅನುಭವ ಉತ್ತರ ಹೇಳುತ್ತದೆ. ಭಾಷಾಶಾಸ್ತ್ರಜ್ಞರೆಂದು ಹೆಸರಾದ ಅವರು ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಅಮೆರಿಕದ ಹಾರ್ಟ್‌ಫರ್ಡಿನ ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅನಾಹುತ ತಡೆಯುವ ಕೆಲಸ. ವರದಿಗಳನ್ನು ನೋಡುತ್ತಾ ಅವರು ಒಂದು ಸಂಗತಿ ಗಮನಿಸಿದರು. ಪೆಟ್ರೋಲ್ ತುಂಬಿದ ಡ್ರಮ್ಮುಗಳ ಹತ್ತಿರ ಜನ ಹುಷಾರಾಗಿರುತ್ತಾರೆ. ‘ಖಾಲಿ’ ಡ್ರಮ್ಮುಗಳ ಹತ್ತಿರ ಸಿಗರೇಟು ಸೇದುತ್ತಾರೆ, ತುಂಡನ್ನು ಅಲ್ಲೇ ಎಸೆಯುತ್ತಾರೆ. ಆದರೆ ಹೆಚ್ಚು ಅಪಾಯ ಖಾಲಿ ಡ್ರಮ್ಮಿನದೇ, ಏಕೆಂದರೆ ಅದರ ತುಂಬ ಸಿಡಿಯುವ ಆವಿ ಇರುತ್ತದೆ. ಖಾಲಿ ಎಂಬ ಪದ ಅಲ್ಲಿ ಏನೂ ಇಲ್ಲ ಎಂದು ನಂಬಿಸಿತು, ಕೈ ಆ ನಂಬಿಕೆಯಂತೆ ನಡೆಯಿತು. ಇನ್‌ಫ್ಲೇಮಬಲ್ ಕೂಡ ಹೀಗೆ ಮೋಸ ಮಾಡಬಲ್ಲ ಪದ.

ನಮ್ಮ ಮನೆಗಳಲ್ಲೇ ಈ ಎಚ್ಚರ ಬೇಕಾದ ವಸ್ತುಗಳು ಎಷ್ಟಿವೆ! ಶೇ 70ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ 20 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ಉಷ್ಣತೆಯಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೇಳುವುದೇ ಬೇಡ. ಅದನ್ನು ಸವರಿಕೊಂಡು ಕೈ ಒಣಗುವ ಮುನ್ನ ಗ್ಯಾಸ್ ಒಲೆಯನ್ನಾಗಲಿ ದೇವರ ದೀಪವನ್ನಾಗಲಿ ಹಚ್ಚಬಾರದು. ಪೇಂಟ್ ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರಾವಣ, ಸೊಳ್ಳೆ ಓಡಿಸುವ ಸ್ಪ್ರೇ, ಡಿಯೋಡರೆಂಟ್ ಡಬ್ಬಿ ಎಲ್ಲವೂ ಇದೇ ಜಾತಿಯವು. ಪೆಟ್ರೋಲಂತೂ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು.

ಇನ್ನು ರಸ್ತೆಯ ಮಾತು. ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಲು ಬರೆಯಲು ಬರಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ. ಅವನಿಗೆ ಪ್ರತ್ಯೇಕ ತರಬೇತಿಯೂ ಕಡ್ಡಾಯ. ಒಳ್ಳೆಯದೇ. ಆದರೆ ಟ್ಯಾಂಕರ್ ಮಗುಚಿದಾಗ ಮೊದಲು ಓಡಿಬರುವವರು ಪಕ್ಕದ ಹೊಲದ ರೈತರು, ಚಹಾ ಅಂಗಡಿಯವರು, ಹಿಂದಿನ ಬಸ್ಸಿನ ಪ್ರಯಾಣಿಕರು. ಅವರಿಗೆ ಇಂಗ್ಲಿಷ್ ಬರಲೇಬೇಕು ಎಂಬ ನಿಯಮವಿಲ್ಲ, ಇರಲೂ ಬಾರದು. ಚಾಲಕ ಗಾಯಗೊಂಡು ಮಾತಾಡಲಾರದ ಸ್ಥಿತಿಯಲ್ಲಿದ್ದರೆ ಅವರ ಜೊತೆ ಮಾತಾಡಬೇಕಾದದ್ದು ಟ್ಯಾಂಕರಿನ ಮೈಮೇಲಿನ ಬರಹ ಒಂದೇ.

2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆ ಬಳಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿತು. ಸೋರಿದ ಅನಿಲ ಹೊತ್ತಿಕೊಂಡು ಹೆದ್ದಾರಿ ಬದಿಯ ಮನೆಗಳಲ್ಲಿದ್ದವರು ಪ್ರಾಣ ಕಳೆದುಕೊಂಡರು. ಅದರ ಹಿಂದಿನ ವರ್ಷ, 2012ರ ಆಗಸ್ಟ್‌ನಲ್ಲಿ, ಮಂಗಳೂರಿನಿಂದ ಹೊರಟ ಟ್ಯಾಂಕರ್ ಕಣ್ಣೂರಿನ ಚಾಲಾದಲ್ಲಿ ಇಂಥದ್ದೇ ದುರಂತಕ್ಕೆ ಕಾರಣವಾಯಿತು. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲಕ್ಕಂಟಿ ಹರಿದು ಚರಂಡಿ, ತಗ್ಗು, ಅಂಗಳಗಳಲ್ಲಿ ತುಂಬಿಕೊಳ್ಳುತ್ತದೆ. ದೂರದ ಮನೆಯ ಒಲೆಯೋ ಸ್ವಿಚ್ಚಿನ ಕಿಡಿಯೋ ಅದಕ್ಕೆ ಸಾಕು. ಅಂಥ ದುರಂತವನ್ನು ಫಲಕವೊಂದೇ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಓಡಿ, ಒಲೆ ಆರಿಸಿ, ಗಾಡಿ ಸ್ಟಾರ್ಟ್ ಮಾಡಬೇಡಿ ಎಂಬ ಅರಿವು ಮೂಡಲು ಇರುವ ಕಾಲಾವಕಾಶ ಕೆಲವೇ ನಿಮಿಷ. ಅದನ್ನು ಅರ್ಥವಾಗದ ಪದಕ್ಕೆ ಒಪ್ಪಿಸಬಾರದು.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ಪಠ್ಯಪುಸ್ತಕದ ‘ದಹ್ಯ’, ‘ದಹನಶೀಲ’ ಬೇಡ. ದಹ್ಯಕ್ಕೆ ‘ಅ’ ಸೇರಿಸಿದರೆ ಉರಿಯದ್ದು ಎಂದಾಗುತ್ತದೆ. ಒಂದಕ್ಷರದ ಅಂತರದಲ್ಲಿ ಜೀವ ನಿಲ್ಲಿಸುವ ಇಂಗ್ಲಿಷಿನ ತಪ್ಪನ್ನೇ ನಾವೂ ಮಾಡುವುದೇಕೆ? ‘ಬೇಗ ಬೆಂಕಿ ಹತ್ತುತ್ತದೆ, ದೂರವಿರಿ’ ಎಂದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯುತ್ತದೆ. ಓದು ಬಾರದವರಿಗಾಗಿ ಜ್ವಾಲೆಯ ಚಿತ್ರ ದೊಡ್ಡದಾಗಿರಲಿ.

ಇದು ಆಗದ ಕೆಲಸವೇನಲ್ಲ. ಕೀಟನಾಶಕದ ಡಬ್ಬಿ ನೋಡಿ. ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ತೋರಿಸಬೇಕು, ಒಳಗಿನ ಮಾಹಿತಿ ಚೀಟಿ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂಬ ನಿಯಮ ದಶಕಗಳಿಂದ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ರಾಜ್ಯದಲ್ಲೇ ತಯಾರಾಗಿ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲಿರಬೇಕು ಎನ್ನುತ್ತದೆ. ಹೆಸರಿಗಿಂತ ಮೊದಲು ಎಚ್ಚರಿಕೆ ಕನ್ನಡಕ್ಕೆ ಬರಲಿ. ತೈಲ ಕಂಪನಿಗಳು ತಮ್ಮ ಸಾಗಣೆ ಗುತ್ತಿಗೆದಾರರಿಗೆ ಒಂದು ಸೂಚನೆ ಕೊಟ್ಟರೆ ರಾಜ್ಯದ ಟ್ಯಾಂಕರುಗಳ ಮೇಲೆ ಈ ಸಾಲು ಬರೆಸುವುದು ಒಂದು ಡಬ್ಬಿ ಪೇಂಟಿನ ಕೆಲಸ. ಸಾರಿಗೆ ಇಲಾಖೆ ವಾಹನದ ಅರ್ಹತಾ ಪತ್ರ ನವೀಕರಿಸುವಾಗ ಅದನ್ನು ನೋಡಿದರಾಯಿತು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಇಂಗ್ಲಿಷ್ ಮೇಷ್ಟ್ರುಗಳು ವಿರುದ್ಧ ಪದ ಕಲಿಸುವ ದಿನವೇ ಇನ್‌ಫ್ಲೇಮಬಲ್ ಒಂದು ಅಪವಾದ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಲಿ. ಮನೆಯ ಕಪಾಟಿನಲ್ಲಿ ಫ್ಲೇಮಬಲ್ ಎಂದಿರಲಿ, ಇನ್‌ಫ್ಲೇಮಬಲ್ ಎಂದಿರಲಿ, ಅಂಥ ಬಾಟಲಿಗಳನ್ನು ಒಲೆಯಿಂದ ದೂರವಿಟ್ಟು ಮನೆಯವರಿಗೆಲ್ಲ, ಕೆಲಸಕ್ಕೆ ಬರುವವರಿಗೂ, ಕನ್ನಡದಲ್ಲಿ ತಿಳಿಸಿ ಹೇಳಿ. ಅಡುಗೆ ಅನಿಲ ಸೋರಿದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಬನ್ನಿ, ಹೊರಗೆ ನಿಂತು 1906ಕ್ಕೆ ಕರೆ ಮಾಡಿ. ಬೆಂಕಿ ಕಂಡರೆ 112. ಈ ಎರಡು ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.