ಬೋರ್ಡ್ ಕನ್ನಡದಲ್ಲಿದೆ, ಟೈಟಲ್ ಟ್ಯಾಗ್?

ವರ್ತೂರು ಕೋಡಿಯಿಂದ ಗುಂಜೂರು ಕಡೆಗೆ ಹೊರಟರೆ ಅಂಗಡಿ ಬೋರ್ಡುಗಳ ಮೇಲೆ ಈಗ ಕನ್ನಡ ಎದ್ದು ಕಾಣುತ್ತೆ. ಅದೇನು ಸುಮ್ಮನೆ ಬಂದಿದ್ದಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಜನ ಬೀದಿಗಿಳಿದರು, ಬಂಧನಗಳಾದವು. 2024ರಲ್ಲಿ ಕಾನೂನಿಗೇ ತಿದ್ದುಪಡಿ ಬಂತು: ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೇದೇ ಆಯ್ತು.

ಆದರೆ ಇವತ್ತು ಗಿರಾಕಿ ಮೊದಲು ನೋಡೋ ಬೋರ್ಡ್ ಯಾವುದು ಸ್ವಾಮಿ? ಗೂಗಲ್‌ನಲ್ಲಿ ಹುಡುಕಿದಾಗ ನೀಲಿ ಅಕ್ಷರದಲ್ಲಿ ಕಾಣೋ ಸಾಲು. ಆ ಸಾಲು ಹೆಚ್ಚಾಗಿ ಪುಟದ ಟೈಟಲ್ ಟ್ಯಾಗ್‌ನಿಂದ ಬರುತ್ತೆ. ಒಂದು ಕ್ಲಿನಿಕ್‌ದೋ, ಶಾಲೆದೋ, ಕಲ್ಯಾಣ ಮಂಟಪದ್ದೋ ಕನ್ನಡ ಪುಟ ತೆರೆದು 'ವ್ಯೂ ಪೇಜ್ ಸೋರ್ಸ್' ಒತ್ತಿ ನೋಡಿ. ನಾನು ಹಾಗೆ ನೋಡಿದ ಎಷ್ಟೋ ಪುಟಗಳಲ್ಲಿ ಟೈಟಲ್ ಜಾಗದಲ್ಲಿ ಬರೀ 'ಹೋಮ್' ಅಂತಿತ್ತು. ಕನ್ನಡ ಇದ್ದದ್ದು ಬ್ಯಾನರ್ ಚಿತ್ರದೊಳಗೆ, ಅದಕ್ಕೆ ಆಲ್ಟ್ ಪಠ್ಯವೂ ಇಲ್ಲ. ರಸ್ತೆ ಬೋರ್ಡ್‌ಗೆ ಜಗಳ ಆಡಿದ ನಾವು ಈ ಬೋರ್ಡ್ ಖಾಲಿ ಬಿಟ್ಟಿದ್ದೀವಿ.

ಕೇಳಿದರೆ ಟೆಕ್ಕಿಗಳ ಉತ್ತರ ರೆಡಿ: 'ಮಗಾ, ಕನ್ನಡದಲ್ಲಿ ಯಾರು ಸರ್ಚ್ ಮಾಡ್ತಾರೆ?' ಯಾರು ಅಂತ ಊರಲ್ಲಿರೋ ನಿಮ್ಮ ಅಮ್ಮನ್ನ ಕೇಳಿ. 2017ರಲ್ಲೇ ಗೂಗಲ್ ಧ್ವನಿ ಹುಡುಕಾಟಕ್ಕೆ ಕನ್ನಡ ಬಂತು. ಟೈಪ್ ಮಾಡೋಕೆ ಬಾರದವರೂ ಮೈಕ್ ಒತ್ತಿ 'ಮಂಡಿ ನೋವಿಗೆ ಏನ್ ಮಾಡ್ಬೇಕು' ಅಂತ ಕೇಳ್ತಾರೆ. ಒಳ್ಳೆ ವೈದ್ಯರು ಕನ್ನಡದಲ್ಲೇ ಬರೆದ ಪುಟಕ್ಕೆ 'ಹೋಮ್' ಅಂತ ಹೆಸರಿಟ್ಟು ಚಿತ್ರದೊಳಗೆ ಹೂತಿದ್ದರೆ, ಆ ಪ್ರಶ್ನೆಗೆ ಸಿಗೋದು ಟ್ಯಾಗ್ ಸರಿಯಾಗಿ ಬರೆದ ಯಾವನೋ ಎಣ್ಣೆ ಮಾರುವವನ ಪುಟ. ಸಿಗದೇ ಇರೋದಕ್ಕೆ ಜನ ಹುಡುಕೋದು ಬಿಡ್ತಾರೆ. ಹುಡುಕಲ್ಲ ಅಂತ ನಾವು ಬರೆಯೋದು ಬಿಡ್ತೀವಿ.

ಇನ್ನೊಂದು ನೆಪ, ಗೂಗಲ್‌ಗೆ ಕನ್ನಡ ಅರ್ಥ ಆಗಲ್ಲ ಅನ್ನೋದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ತೆರೆ ಮೇಲೆ ಕನ್ನಡ ಕಂಡರೂ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದು ಗೂಗಲ್ ತಪ್ಪಲ್ಲ.

ಇನ್ನು 'ಎಸ್‌ಇಒ ಪ್ಯಾಕೇಜ್' ಮಾರುವವರು. ಮೆಟಾ ಕೀವರ್ಡ್ಸ್ ಟ್ಯಾಗ್‌ಗೆ ಐವತ್ತು ಇಂಗ್ಲಿಷ್ ಪದ ತುರುಕಿ ಬಿಲ್ ಕೊಡ್ತಾರೆ. ಆ ಟ್ಯಾಗನ್ನು ರ್‍ಯಾಂಕಿಂಗ್‌ಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಆ ದುಡ್ಡಿಗೆ ವರ್ತೂರು ಸಂತೇಲಿ ತರಕಾರಿ ತಗೊಂಡಿದ್ರೆ ಮನೆಗಾದರೂ ಬರ್ತಿತ್ತು.

ಮಾಡಬೇಕಾದ್ದು ಇಷ್ಟೇ. ಪ್ರತಿ ಪುಟಕ್ಕೂ ಅದರದೇ ಕನ್ನಡ ಟೈಟಲ್: 'ಮಕ್ಕಳ ಲಸಿಕೆ, ವರ್ತೂರು' ಅನ್ನೋ ಹಾಗೆ. ಮುಖ್ಯ ತಲೆಬರಹ ಎಚ್1 ಟ್ಯಾಗ್‌ನಲ್ಲಿ, ಪಠ್ಯವಾಗಿ. ಚಿತ್ರಕ್ಕೆ ಕನ್ನಡ ಆಲ್ಟ್. ಎರಡು ಸಾಲಿನ ಮೆಟಾ ಡಿಸ್ಕ್ರಿಪ್ಷನ್. ಅದು ರ್‍ಯಾಂಕ್ ಏರಿಸಲ್ಲ, ಆದರೆ ಕ್ಲಿಕ್ ಮಾಡೋಣ ಅನ್ನಿಸುತ್ತೆ. ಟೆಂಪ್ಲೇಟ್‌ನಲ್ಲಿ ಬಂದ ಲ್ಯಾಂಗ್ ಗುಣವನ್ನು 'ಇಎನ್'ನಿಂದ 'ಕೆಎನ್' ಮಾಡಿ. ಗೂಗಲ್ ಭಾಷೆ ಗುರುತಿಸೋಕೆ ಪಠ್ಯವನ್ನೇ ನೋಡುತ್ತೆ, ನಿಜ. ಆದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತೀರ್ಮಾನಿಸೋದು ಅದರಿಂದ.

ಟ್ಯಾಗ್ ಹಾಕಿದ ಕೂಡಲೇ ಮೊದಲ ಸ್ಥಾನ ಬರಲ್ಲ. ಒಳಗೆ ಹುರುಳಿರಬೇಕು, ಬೇರೆಯವರು ಲಿಂಕ್ ಕೊಡಬೇಕು. ಆದರೆ ಬೋರ್ಡೇ ಇಲ್ಲದ ಅಂಗಡಿಗೆ ಹುರುಳಿದ್ದು ಏನು ಪ್ರಯೋಜನ? ಈ ಕೆಲಸಕ್ಕೆ ಚಳವಳಿ ಬೇಕಿಲ್ಲ, ಕಾನೂನು ಬೇಕಿಲ್ಲ. ಬೇಕಾದ ವಿದ್ಯೆ ನಮ್ಮ ಕೈಯಲ್ಲೇ ಇದೆ, ಸಂಬಳ ಬರೋದೇ ಅದರಿಂದ. ನಿಮ್ಮ ಕಂಪನಿಯ ಸೈಟ್‌ನಲ್ಲಿ ಕನ್ನಡ ಪುಟ ಇದ್ದರೆ ಸೋಮವಾರ ಒಂದು ಟಿಕೆಟ್ ಹಾಕಿ. ಇಲ್ಲದಿದ್ದರೆ, ಇನ್ನೊಂದು ಟಿಕೆಟ್ ಹಾಕಿ.