ತುಮಕೂರಿಗೆ ಬೇಕಿರುವುದು ಮೆಟ್ರೊನಾ, ರೈಲಾ?

ಮಾದಾವರದಲ್ಲಿ ಬಂದು ನಿಂತಿರುವ ನಮ್ಮ ಮೆಟ್ರೊದ ಹಸಿರು ಮಾರ್ಗ ತುಮಕೂರಿನವರೆಗೆ ಬರಬೇಕೇ? 2024-25ರ ರಾಜ್ಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಈ ವಿಸ್ತರಣೆಯ ಕಾರ್ಯಸಾಧ್ಯತಾ ವರದಿ ತಯಾರಿಸುವುದಾಗಿ ಘೋಷಿಸಿದಾಗಿನಿಂದ ಈ ಪ್ರಶ್ನೆ ತಣ್ಣಗಾಗಿಲ್ಲ. ತುಮಕೂರು ಜಿಲ್ಲೆಯವರೇ ಆದ ಜಿ. ಪರಮೇಶ್ವರ ಅವರು ಯೋಜನೆಯ ಪರ ಗಟ್ಟಿಯಾಗಿ ನಿಂತಿದ್ದಾರೆ. ‘ಬೆಂಗಳೂರಿನ ಒಳಗೇ ಮೆಟ್ರೊ ಸಾಲುತ್ತಿಲ್ಲ, ಹೊರಗೇಕೆ?’ ಎಂದು ರಾಜಧಾನಿಯ ಕೆಲವರು ಕೇಳುತ್ತಾರೆ. ‘ನಾವೇನು ಎರಡನೇ ದರ್ಜೆ ಪ್ರಜೆಗಳಾ?’ ಎಂದು ನಮ್ಮೂರಿನವರು ತಿರುಗಿ ಕೇಳುತ್ತಾರೆ.

ತುಮಕೂರಿನಲ್ಲಿ ಬಿ.ಇ. ಓದುತ್ತಿರುವ ನನಗೆ ಈ ಜಗಳದಲ್ಲಿ ನೇರ ಪಾಲಿದೆ. ಇನ್ನೆರಡು ವರ್ಷಕ್ಕೆ ನನ್ನ ತರಗತಿಯ ಬಹುತೇಕರು ಪೀಣ್ಯಕ್ಕೋ, ವೈಟ್‌ಫೀಲ್ಡ್‌ಗೋ ಕೆಲಸ ಹುಡುಕಿಕೊಂಡು ಹೋಗುವವರು. ದಿನಾ ಓಡಾಡಲು ಆಗುವಂತಿದ್ದರೆ ಮನೆಯಲ್ಲೇ ಉಳಿಯಬಹುದು. ಆಗದಿದ್ದರೆ ಮೊದಲ ಸಂಬಳದ ದೊಡ್ಡ ಪಾಲು ಪಿ.ಜಿ. ಬಾಡಿಗೆಗೇ ಹೋಗುತ್ತದೆ. ಹಾಗಾಗಿ ಅಭಿಮಾನದ ಮಾತು ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಮೊದಲು ಸಮಯದ ಲೆಕ್ಕ. ಮಾದಾವರದಿಂದ ತುಮಕೂರಿಗೆ ಮಾರ್ಗ ಸುಮಾರು 60 ಕಿ.ಮೀ., ನಿಲ್ದಾಣಗಳು 25ರ ಆಸುಪಾಸು ಎಂಬುದು ಚರ್ಚೆಯಲ್ಲಿರುವ ಪ್ರಸ್ತಾವ. ನಮ್ಮ ಮೆಟ್ರೊ ರೈಲಿನ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಎಲ್ಲೂ ನಿಲ್ಲದೆ ಅದೇ ವೇಗದಲ್ಲಿ ಓಡಿದರೆ 60 ಕಿ.ಮೀ.ಗೆ 45 ನಿಮಿಷ ಸಾಕು. ಆದರೆ ಪ್ರತಿ ನಿಲ್ದಾಣದಲ್ಲೂ ವೇಗ ಇಳಿಸಬೇಕು, ಬಾಗಿಲು ತೆರೆಯಬೇಕು, ಮತ್ತೆ ವೇಗ ಏರಿಸಬೇಕು. ಒಂದು ನಿಲುಗಡೆಗೆ ಹೀಗೆ 50 ಸೆಕೆಂಡ್ ಹೋದರೂ 25 ನಿಲ್ದಾಣಕ್ಕೆ 21 ನಿಮಿಷ. ಮಾದಾವರದಿಂದ ಮೆಜೆಸ್ಟಿಕ್‌ಗೆ ಮತ್ತೆ ಅರ್ಧ ಗಂಟೆಗೂ ಹೆಚ್ಚು ಬೇಕು. ಎಲ್ಲ ಸೇರಿದರೆ ಒಂದು ಗಂಟೆ 40 ನಿಮಿಷ. ತಿರುವು, ವೇಗಮಿತಿ ಎಲ್ಲ ಸೇರಿದರೆ ಇದು ಎರಡು ಗಂಟೆಯ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ತುಮಕೂರಿನಿಂದ ಹೊರಡುವ ಎಕ್ಸ್‌ಪ್ರೆಸ್ ರೈಲು ಹೆಚ್ಚುಕಡಿಮೆ ಒಂದೂಕಾಲು ಗಂಟೆಯಲ್ಲಿ ಬೆಂಗಳೂರು ಮುಟ್ಟುತ್ತದೆ. ಅಂದರೆ ಸಾವಿರಾರು ಕೋಟಿ ಸುರಿದು, ಈಗಿರುವುದಕ್ಕಿಂತ ನಿಧಾನದ ದಾರಿಯೊಂದನ್ನು ಕಟ್ಟಿದಂತಾಗುತ್ತದೆ.

ಇದು ಮೆಟ್ರೊದ ದೋಷವಲ್ಲ. ಕಿಲೋಮೀಟರಿಗೊಂದು ನಿಲ್ದಾಣ, ನಾಲ್ಕೈದು ನಿಮಿಷಕ್ಕೊಂದು ರೈಲು, ಹೆಚ್ಚು ಜನ ನಿಂತೇ ಹೋಗುವ ಬೋಗಿ: ಮೆಟ್ರೊವನ್ನು ರೂಪಿಸಿರುವುದೇ ಊರೊಳಗಿನ ಓಡಾಟಕ್ಕೆ. ಊರಿಂದೂರಿಗೆ ಹೋಗುವ ರೈಲಿನ ವಿನ್ಯಾಸವೇ ಬೇರೆ. ದೆಹಲಿ-ಮೀರತ್ ನಡುವಿನ 82 ಕಿ.ಮೀ.ಗೆ ದೆಹಲಿ ಮೆಟ್ರೊವನ್ನೇ ಎಳೆದುಕೊಂಡು ಹೋಗಲಿಲ್ಲ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡಬಲ್ಲ ‘ನಮೋ ಭಾರತ್’ ರೈಲಿಗೆ ಪ್ರತ್ಯೇಕ ಮಾರ್ಗ ಕಟ್ಟಿದರು. 2023ರ ಅಕ್ಟೋಬರ್‌ನಲ್ಲಿ ಅದರ ಮೊದಲ ಭಾಗ ಆರಂಭವಾಯಿತು.

ಇನ್ನು ದುಡ್ಡಿನ ಲೆಕ್ಕ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ನಮ್ಮ ಮೆಟ್ರೊ ಮೂರನೇ ಹಂತ 44.65 ಕಿ.ಮೀ. ಉದ್ದದ್ದು, ವೆಚ್ಚ ₹15,611 ಕೋಟಿ. ಕಿಲೋಮೀಟರಿಗೆ ಸುಮಾರು ₹350 ಕೋಟಿ. ಅದೇ ದರದಲ್ಲಿ ತುಮಕೂರಿನ 60 ಕಿ.ಮೀ.ಗೆ ₹21,000 ಕೋಟಿ. ಬೆಂಗಳೂರು ಉಪನಗರ ರೈಲು ಯೋಜನೆಯನ್ನು ಇದರ ಪಕ್ಕ ಇಟ್ಟು ನೋಡಿ: 148 ಕಿ.ಮೀ.ಗೆ ಮಂಜೂರಾತಿಯ ವೇಳೆ ಅಂದಾಜಿಸಿದ್ದು ₹15,767 ಕೋಟಿ. ಕಿಲೋಮೀಟರಿಗೆ ₹106 ಕೋಟಿ ಚಿಲ್ಲರೆ. ಕಾಮಗಾರಿ ತಡವಾಗಿ ಈ ವೆಚ್ಚ ಏರಿದರೂ ಅಂತರ ದೊಡ್ಡದೇ.

‘ಸರ್ಕಾರಕ್ಕೆ ಹೊರೆ ಇಲ್ಲ, ಖಾಸಗಿ ಸಹಭಾಗಿತ್ವದಲ್ಲಿ ಮಾಡುತ್ತೇವೆ’ ಎಂಬ ಸಮಾಧಾನವೂ ಇದೆ. ಹೈದರಾಬಾದ್ ಮೆಟ್ರೊ ಹಾಗೆಯೇ ಕಟ್ಟಿದ್ದು. ಜನದಟ್ಟಣೆಯ ಆ ಮಹಾನಗರದೊಳಗೇ ಕಂಪನಿಗೆ ನಷ್ಟ ತಾಳಲಾಗಲಿಲ್ಲ. 2025ರಲ್ಲಿ ತೆಲಂಗಾಣ ಸರ್ಕಾರ ಅದನ್ನು ವಹಿಸಿಕೊಳ್ಳಲು ಒಪ್ಪಬೇಕಾಯಿತು. ಹಾಗಿರುವಾಗ ಹೊಲ, ತೋಟ, ಗೋದಾಮುಗಳ ನಡುವೆ ಸಾಗುವ ಮಾರ್ಗಕ್ಕೆ ಹಣ ಹಾಕುವ ಕಂಪನಿ ಲಾಭವನ್ನು ಎಲ್ಲಿ ಹುಡುಕುತ್ತದೆ? ಒಂದೋ ಟಿಕೆಟ್ ದರದಲ್ಲಿ, ಇಲ್ಲವೇ ದಾರಿಯುದ್ದಕ್ಕೂ ಸಿಗುವ ಜಮೀನಿನಲ್ಲಿ.

ಟಿಕೆಟ್ ದರದ ರುಚಿ ಬೆಂಗಳೂರಿಗರಿಗೆ ಗೊತ್ತು. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ ₹60ರಿಂದ ₹90ಕ್ಕೆ ಏರಿದ ಕೂಡಲೇ ಪ್ರಯಾಣಿಕರ ಸಂಖ್ಯೆ ಕುಸಿಯಿತು. ಅದು ಊರೊಳಗಿನ ದರ. ಅದರ ಮೇಲೆ ಇನ್ನೂ 60 ಕಿ.ಮೀ. ಸೇರಿಸಿ ನೋಡಿ. ರೈಲ್ವೆಯಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಸೀಸನ್ ಟಿಕೆಟ್ ಇದೆ. ‘ಶಕ್ತಿ’ ಯೋಜನೆ ಬಂದ 2023ರ ಜೂನ್‌ನಿಂದ ನನ್ನ ಸಹಪಾಠಿ ಹುಡುಗಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಬೆಂಗಳೂರು ಪ್ರಯಾಣ ಉಚಿತ. ಇವೆರಡನ್ನೂ ಬಿಟ್ಟು ದುಬಾರಿ ಮೆಟ್ರೊ ಹತ್ತುವವರು ಯಾರು ಎಂಬುದನ್ನು ಯೋಜನೆಯ ಪರ ಇರುವವರು ಹೇಳಬೇಕು.

ಹಾಗಾದರೆ ಮೆಟ್ರೊ ಕೇಳುವವರ ಮಾತಿನಲ್ಲಿ ಹುರುಳಿಲ್ಲವೇ? ಇದೆ, ಬಹಳ ಇದೆ. ನಾನು ಈ ವಿಷಯ ತೆಗೆದಾಗಲೆಲ್ಲ ಹಾಸ್ಟೆಲಿನ ಗೆಳೆಯರು ಹೇಳುವುದು ಒಂದೇ: ‘ರೈಲ್ವೆಯವರನ್ನು ನಂಬಿ ಕೂತರೆ ಆಯ್ತಪ್ಪ, ಮೆಟ್ರೊ ತಡವಾದರೂ ಬರುತ್ತದೆ.’ ಉಪನಗರ ರೈಲಿನ ಕಥೆ ನೋಡಿದರೆ ಈ ಸಿಟ್ಟು ಅರ್ಥವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅದಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು. 2022ರ ಜೂನ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ 40 ತಿಂಗಳ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಅಷ್ಟರೊಳಗೆ ಒಂದು ರೈಲೂ ಓಡಲಿಲ್ಲ. ಮೆಟ್ರೊ ಕೂಡ ನಾಗಸಂದ್ರದಿಂದ ಮಾದಾವರದವರೆಗಿನ ಬರೀ 3 ಕಿ.ಮೀ. ಚಿಲ್ಲರೆ ದೂರಕ್ಕೆ ಗಡುವಿನ ಮೇಲೆ ಗಡುವು ದಾಟಿ 2024ರ ನವೆಂಬರ್‌ನಲ್ಲಿ ಬಂದಿತು. ಆದರೂ ಬಂದಿತಲ್ಲ! ಜನ ಮೆಟ್ರೊ ಕೇಳುತ್ತಿರುವುದು ಅದು ಸರಿಯಾದ ವಾಹನ ಎಂದಲ್ಲ, ಕಣ್ಣೆದುರು ಕಟ್ಟುತ್ತಿರುವುದು ಅದೊಂದೇ ಎಂದು.

ಸಮಸ್ಯೆ ಇರುವುದು ಇಲ್ಲೇ. ಬೆಂಗಳೂರು-ತುಮಕೂರು ರೈಲು ಮಾರ್ಗ ಈಗಾಗಲೇ ಜೋಡಿ ಹಳಿಯದು, ವಿದ್ಯುದೀಕರಣವೂ ಆಗಿದೆ. ವಂದೇ ಭಾರತ್ ಇದೇ ಹಳಿಯ ಮೇಲೆ ಧಾರವಾಡಕ್ಕೆ ಹೋಗುತ್ತದೆ. ಯಶವಂತಪುರದಲ್ಲಿ ರೈಲು ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ. ಇಲ್ಲದಿರುವುದು ಬೆಳಿಗ್ಗೆ, ಸಂಜೆ ಕೆಲಸದ ಹೊತ್ತಿಗೆ ಸಾಲಾಗಿ ಓಡುವ ಮೆಮು ರೈಲುಗಳು, ಮತ್ತು ಅವುಗಳಿಗೆ ಜಾಗ ಕೊಡುವ ಹೆಚ್ಚುವರಿ ಹಳಿ. ದೂರದ ಎಕ್ಸ್‌ಪ್ರೆಸ್, ಗೂಡ್ಸ್ ರೈಲುಗಳೆಲ್ಲ ಇವೇ ಎರಡು ಹಳಿಗಳಲ್ಲಿ ಓಡಬೇಕಾದಾಗ ಲೋಕಲ್ ರೈಲಿಗೆ ಕೊನೆಯ ಸರದಿ. ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ತುಮಕೂರಿನ ಹಳಿಯ ಮೇಲೆಯೇ ಇರುವ ಚಿಕ್ಕಬಾಣಾವರದಲ್ಲಿ ಕೊನೆಗೊಳ್ಳುತ್ತದೆ. ವಿಸ್ತರಿಸಬೇಕಾದ್ದು ಯಾವುದು ಎಂಬುದಕ್ಕೆ ನಕ್ಷೆಯೇ ಉತ್ತರ ಹೇಳುತ್ತಿದೆ.

ಹಾಗೆಂದು ಮೆಟ್ರೊ ಮಾದಾವರದಲ್ಲೇ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ನೆಲಮಂಗಲ ಈಗ ಬೆಂಗಳೂರಿನ ಭಾಗದಂತೆಯೇ ಬೆಳೆದಿದೆ. ಅಲ್ಲಿಯವರೆಗೆ ಬಂದರೆ ಅರ್ಥವಿದೆ. ಅದರಾಚೆಗೆ ಲೋಕಲ್ ರೈಲೇ ಸರಿ. ‘ಕೈಗಾರಿಕೆಗೆ ಮೆಟ್ರೊ ಬೇಕು’ ಎನ್ನುವವರೂ ಒಂದು ಗಮನಿಸಬೇಕು. ವಸಂತನರಸಾಪುರ ಕೈಗಾರಿಕಾ ಪ್ರದೇಶ ಇರುವುದು ತುಮಕೂರಿನಿಂದಲೂ ಮುಂದೆ. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನಲ್ಲಿದೆ. ಮೆಟ್ರೊ ತುಮಕೂರು ಮುಟ್ಟಿದರೂ ಅಲ್ಲಿಗೆ ಹೋಗಲು ಬಸ್ಸೇ ಗತಿ. ಆ ಬಸ್ಸನ್ನು ಇವತ್ತೇ ಬಿಡಲು ಯಾವ ಕಾರ್ಯಸಾಧ್ಯತಾ ವರದಿಯೂ ಬೇಕಿಲ್ಲ.

2017ರ ರಾಷ್ಟ್ರೀಯ ಮೆಟ್ರೊ ನೀತಿಯ ಪ್ರಕಾರ, ಮೆಟ್ರೊ ಯೋಜನೆ ಸಲ್ಲಿಸುವ ಮುನ್ನ ಪರ್ಯಾಯಗಳ ವಿಶ್ಲೇಷಣೆ ಮಾಡಬೇಕು: ಬಸ್ಸು, ಟ್ರಾಮ್, ಸ್ಥಳೀಯ ರೈಲು ಎಲ್ಲವನ್ನೂ ತೂಗಿ ನೋಡಿ, ಮೆಟ್ರೊವೇ ಏಕೆ ಎಂದು ಹೇಳಬೇಕು. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ‘ಮೆಟ್ರೊ ಯಾವಾಗ?’ ಎಂಬುದಲ್ಲ, ‘ಆ ವಿಶ್ಲೇಷಣೆ ಎಲ್ಲಿ? ಜನರ ಮುಂದೆ ಇಡಿ’ ಎಂಬುದು. ನಮ್ಮ ತುಮಕೂರಿನ ಸಂಸದ ವಿ. ಸೋಮಣ್ಣ ಅವರೇ ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರು. ಇಂಥ ಅನುಕೂಲ ಯಾವ ಊರಿಗೂ ಪದೇ ಪದೇ ಸಿಗುವುದಿಲ್ಲ.

ಮೆಟ್ರೊ ಯೋಜನೆ ಇವತ್ತೇ ಮಂಜೂರಾದರೂ ಅದು ಓಡುವ ಹೊತ್ತಿಗೆ ನನ್ನ ಓರಗೆಯವರು ಮೂವತ್ತರ ಹತ್ತಿರ ಬಂದಿರುತ್ತಾರೆ, ಬೆಂಗಳೂರಿನಲ್ಲೇ ಬಾಡಿಗೆ ಮನೆ ಹಿಡಿದಿರುತ್ತಾರೆ. ಈಗಿರುವ ಹಳಿಯ ಮೇಲೆ ಬೆಳಿಗ್ಗೆ ಎರಡು, ಸಂಜೆ ಎರಡು ಹೊಸ ಮೆಮು ರೈಲು ಬಿಟ್ಟರೆ, ಮುಂದಿನ ವರ್ಷ ಕೆಲಸಕ್ಕೆ ಸೇರುವವರಿಗೇ ಅದು ಸಿಗುತ್ತದೆ. ನಮ್ಮ ಕಾಲೇಜುಗಳಿಂದ ಹೋಗುವ ಮೊದಲ ಮನವಿ ಇದಕ್ಕೇ ಇರಲಿ.