ಕೃತಜ್ಞತೆಯ ಮೊದಲ ಪಾಠ

ಊಟಕ್ಕೆ ಮುನ್ನ ಅಂಗನವಾಡಿಯ ಮಗುವಿನಿಂದ ಕೈಮುಗಿಸುತ್ತೇವೆ, ಪ್ರಾರ್ಥನೆ ಹೇಳಿಸುತ್ತೇವೆ. ಅಷ್ಟರಿಂದಲೇ ಕೃತಜ್ಞತೆ ಮೂಡೀತೆ? 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ 3ರಿಂದ 6 ವರ್ಷದ ಮಕ್ಕಳಿಗೆ ಅಲ್ಲಿ ಬಿಸಿಯೂಟ ದೊರೆಯುತ್ತದೆ. ಅದನ್ನು ಬೇಯಿಸಿ, ಬಡಿಸಿ, ಪಾತ್ರೆ ತೊಳೆಯುವ ಸಹಾಯಕಿಯ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಎಷ್ಟು ಪಾಲಕರಿಗೆ ಗೊತ್ತು?

ಕಾಯಕದಿಂದ ಬಂದುದೇ ದಾಸೋಹಕ್ಕೆ ಸಲ್ಲಬೇಕೆಂಬುದು 12ನೆಯ ಶತಮಾನದ ಶರಣರ ನಿಲುವು. ಅನ್ನದ ಹಿಂದಿನ ದುಡಿಮೆಯನ್ನು ಕಾಣದವನಿಗೆ ಪ್ರಸಾದದ ಬೆಲೆ ತಿಳಿಯದು. ಆದ್ದರಿಂದ ಮಗುವಿಗೆ ಮೊದಲು ಆ ತಾಯಿಯನ್ನು ತೋರಿಸೋಣ. ಅಕ್ಕಿ ಆರಿಸುವುದನ್ನು ನೋಡಲಿ. ಉಂಡ ತಟ್ಟೆಯನ್ನು ತಾನೇ ಎತ್ತಿಕೊಡಲಿ. ‘ಧನ್ಯವಾದ ಹೇಳು’ ಎಂದು ಗದರಿಸುವುದು ಬೇಡ. ಎಳೆಯ ಕೂಸು ನಮ್ಮ ನುಡಿಗಿಂತ ನಡೆಯನ್ನೇ ಅನುಸರಿಸುತ್ತದೆ. ಬಾಗಿಲಲ್ಲಿ ಮಗುವನ್ನು ಬಿಡುವಾಗ ನಾವೇ ಆಕೆಗೆ ‘ಶರಣು’ ಎನ್ನೋಣ. ಮಗು ತಾನಾಗಿ ಕೈಜೋಡಿಸೀತು.